ಅಮೆರಿಕದಲ್ಲಿ ನರ್ಸಿಂಗ್ ಓದು: ಕೋರ್ಸು ಆಯುವ ಮೊದಲು ಸೇರಬೇಕಾದ ವಿಶ್ವವಿದ್ಯಾಲಯ ಗೊತ್ತಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಅರಸೀಕೆರೆಯ ಕಡೆಯವಳು. ಸಿಬಿಝಡ್ ಓದಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಪತಿಯ ಉದ್ಯೋಗದ ಕಾರಣದಿಂದ ಎಚ್-4 ಎಂಬ ಅವಲಂಬಿತರ ವೀಸಾದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದವಳು. ಇಲ್ಲಿನ ಕಮ್ಯೂನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ನನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಕುಳಿತು ಮತ್ತೆ ಮೊದಲಿನಿಂದ ಓದಿ, ಅಲ್ಲಿಂದ ರಾಜ್ಯ ವಿಶ್ವವಿದ್ಯಾಲಯವೊಂದರ ಬಿ.ಎಸ್ಸಿ. ನರ್ಸಿಂಗ್‌ಗೆ ಟ್ರಾನ್ಸ್‌ಫರ್ ಪಡೆದು, ಈಗ ಆಸ್ಪತ್ರೆಯಲ್ಲಿ ನೋಂದಾಯಿತ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಪ್ರತಿ ವರ್ಷ ಯುಗಾದಿ ಕಳೆಯುತ್ತಿದ್ದಂತೆ ಹಾಸನ, ತುಮಕೂರು, ಶಿವಮೊಗ್ಗಗಳಿಂದ ಪರಿಚಿತರ ಕರೆಗಳು ಬರುತ್ತವೆ. ಮದುವೆಯಾಗಿ ಅಮೆರಿಕಕ್ಕೆ ಬಂದ ಮಗಳಿಗೋ ಸೊಸೆಗೋ ಇಲ್ಲವೇ ಅಲ್ಲಿಯೇ ಬೆಳೆದು ಹೈಸ್ಕೂಲು ಮುಗಿಸಿದ ಮೊಮ್ಮಗಳಿಗೋ ನರ್ಸಿಂಗ್ ಓದಿಸಬೇಕೆಂದಿದ್ದೇವೆ, ಯಾವ ಕಾಲೇಜಿಗೆ ಸೇರಿಸೋಣ, ಯಾವ ವಿಷಯ ತೆಗೆದುಕೊಳ್ಳಲಿ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನಾನೂ ಅದೇ ಪ್ರಶ್ನೆಯಿಂದ ಹೊರಟು ಎರಡು ವರ್ಷ ಕಳೆದುಕೊಂಡೆ. ಕನ್ನಡ ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಅಮೆರಿಕದ ಎಂ.ಎಸ್. ಬಗ್ಗೆ ಸಾಕಷ್ಟು ಬರೆಯಲಾಗುತ್ತದೆ. ಈ ದಾರಿಯ ಬಗ್ಗೆ ಕಾಣುವುದು ಅಪರೂಪ. ಅದಕ್ಕಾಗಿ ಈ ಪತ್ರ ದೀರ್ಘವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಗೊಂದಲದ ಬೇರು ನಮ್ಮಲ್ಲಿನ ಓದಿನ ಕ್ರಮಕ್ಕೂ ಇಲ್ಲಿನ ಕ್ರಮಕ್ಕೂ ಇರುವ ವ್ಯತ್ಯಾಸದಲ್ಲಿದೆ. ಕರ್ನಾಟಕದಲ್ಲಿ ಪಿಯುಸಿಯಲ್ಲಿ ವಿಜ್ಞಾನ ಓದಿ ನರ್ಸಿಂಗ್ ಕಾಲೇಜಿಗೆ ಸೇರಿದ ದಿನದಿಂದ ನಾಲ್ಕು ವರ್ಷ ಏನು ಓದಬೇಕೆಂಬುದನ್ನು ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಕಿಕೊಟ್ಟಿರುತ್ತವೆ. ಅನಾಟಮಿ (ದೇಹರಚನೆ), ಫಿಸಿಯಾಲಜಿ (ದೇಹದ ಕಾರ್ಯ), ಮೈಕ್ರೋಬಯಾಲಜಿಗಳೆಲ್ಲ ಕಾಲೇಜಿನೊಳಗೇ ಬರುತ್ತವೆ. ವಿದ್ಯಾರ್ಥಿನಿ ಆಯ್ದುಕೊಳ್ಳಬೇಕಾದ್ದು ಹೆಚ್ಚೇನೂ ಇರುವುದಿಲ್ಲ. ಇಲ್ಲಿ ಟ್ರಾನ್ಸ್‌ಫರ್ ದಾರಿಯಲ್ಲಿ ಬರುವವರ ಮಟ್ಟಿಗೆ ಆ ವಿಷಯಗಳೆಲ್ಲ ನರ್ಸಿಂಗ್ ವಿಭಾಗದ ಬಾಗಿಲಿನ ಹೊರಗೇ ಮುಗಿಯಬೇಕು. ಅವನ್ನು ಎಲ್ಲಿ, ಯಾವ ಅನುಕ್ರಮದಲ್ಲಿ, ಯಾವ ದರ್ಜೆಯಲ್ಲಿ ಮುಗಿಸಿದರು ಎಂಬುದೇ ಪ್ರವೇಶವನ್ನು ನಿರ್ಧರಿಸುತ್ತದೆ. ಪಾಠಪಟ್ಟಿಯನ್ನು ವಿದ್ಯಾರ್ಥಿನಿಯೇ ಕಟ್ಟಿಕೊಳ್ಳಬೇಕು. ತಪ್ಪಾಗಿ ಕಟ್ಟಿಕೊಂಡರೆ ಅರ್ಜಿ ತಿರಸ್ಕೃತವಾಗುವವರೆಗೂ ಅದನ್ನು ಯಾರೂ ಎತ್ತಿ ತೋರಿಸುವುದಿಲ್ಲ.

ನನಗೆ ಚೆನ್ನಾಗಿ ಗೊತ್ತಿರುವುದು ಕ್ಯಾಲಿಫೋರ್ನಿಯಾ ಆದ್ದರಿಂದ ಅದನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತೇನೆ. ಇಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ. ಅಲ್ಲಿ ಎರಡು ವರ್ಷದ ಓದನ್ನು, ಅಂದರೆ 60 ಸೆಮಿಸ್ಟರ್ ಯೂನಿಟ್‌ಗಳನ್ನು (ಯೂನಿಟ್ ಎಂದರೆ ಕೋರ್ಸಿನ ಓದಿನ ಪ್ರಮಾಣದ ಅಳತೆ) ಮುಗಿಸಿ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೂ ಕ್ಯಾಂಪಸ್ಸಿಗೆ ಮೂರನೆಯ ವರ್ಷದ ವಿದ್ಯಾರ್ಥಿಯಾಗಿ ಸೇರಬಹುದು. ಕಮ್ಯೂನಿಟಿ ಕಾಲೇಜಿನಿಂದ ಆ ವಿಶ್ವವಿದ್ಯಾಲಯ ಎಣಿಕೆಗೆ ತೆಗೆದುಕೊಳ್ಳುವುದು ಗರಿಷ್ಠ 70 ಯೂನಿಟ್ ಮಾತ್ರ. ಎಲ್ಲ ವಿಭಾಗಗಳಿಗೂ ಸಮಾನವಾಗಿ ಬೇಕಾದ ನಾಲ್ಕು ಕೋರ್ಸುಗಳಿವೆ: ಬರವಣಿಗೆ, ಭಾಷಣ, ತಾರ್ಕಿಕ ಚಿಂತನೆ ಮತ್ತು ಗಣಿತ. ನರ್ಸಿಂಗ್‌ಗೆ ಗಣಿತವೆಂದರೆ ಬಹುತೇಕ ಸಂಖ್ಯಾಶಾಸ್ತ್ರ. ಇವುಗಳ ಮೇಲೆ ಪ್ರಯೋಗಾಲಯ ಸಹಿತವಾದ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮತ್ತು ರಸಾಯನಶಾಸ್ತ್ರ ಬೇಕು. ಕ್ಯಾಂಪಸ್ಸಿಗೆ ತಕ್ಕಂತೆ ಮನಶ್ಶಾಸ್ತ್ರ, ಪೋಷಣಾಶಾಸ್ತ್ರ, ಮಾನವ ಬೆಳವಣಿಗೆಯಂಥ ವಿಷಯಗಳೂ ಸೇರುತ್ತವೆ. ವಿಶ್ವವಿದ್ಯಾಲಯ ಸೇರಲು ಕನಿಷ್ಠ ಗ್ರೇಡ್ ಸರಾಸರಿ ನಾಲ್ಕಕ್ಕೆ 2.0 ಎಂದು ನಿಯಮ ಹೇಳುತ್ತದೆ. ಆದರೆ ಈ ವಿಶ್ವವಿದ್ಯಾಲಯದ ನರ್ಸಿಂಗ್ ವಿಭಾಗಗಳೆಲ್ಲವೂ ಸೀಟಿಗಿಂತ ಅರ್ಜಿ ಹೆಚ್ಚಿರುವ ವಿಭಾಗಗಳೆಂದು ಘೋಷಿತವಾಗಿರುವುದರಿಂದ, ಆ ಕನಿಷ್ಠ ಅಂಕಿಯನ್ನು ನೋಡಿ ನೆಮ್ಮದಿಪಡುವವರು ಮೋಸಹೋಗುತ್ತಾರೆ.

ನಾನು ಮಾಡಿದ ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮನೆಗೆ ಹತ್ತಿರವಿದ್ದ ಕಾಲೇಜಿನಲ್ಲಿ ಅನಾಟಮಿ ಮತ್ತು ಫಿಸಿಯಾಲಜಿಗಳನ್ನು ಒಂದೇ ಸೆಮಿಸ್ಟರಿನಲ್ಲಿ ಸೇರಿಸಿ ಕಲಿಸುವ ಐದು ಯೂನಿಟ್‌ಗಳ ಕೋರ್ಸೊಂದಿತ್ತು. ಎರಡು ಸೆಮಿಸ್ಟರಿನ ಕೆಲಸ ಒಂದರಲ್ಲೇ ಆಗುತ್ತದೆ, ಮಗು ಶಾಲೆಗೆ ಹೋಗುವ ಹೊತ್ತಿಗೆ ತರಗತಿಯ ವೇಳೆಯೂ ಹೊಂದುತ್ತದೆ ಎಂದು ಸೇರಿ, ಕಷ್ಟಪಟ್ಟು ಓದಿ 'ಎ' ತೆಗೆದೆ. ಮುಂದೆ ನಾನು ಸೇರಬೇಕೆಂದುಕೊಂಡ ಕ್ಯಾಂಪಸ್ಸಿನ ನಿಯಮಗಳನ್ನು ತೆರೆದು ನೋಡಿದಾಗ, ಅನಾಟಮಿ ಬೇರೆ, ಫಿಸಿಯಾಲಜಿ ಬೇರೆ, ಎರಡಕ್ಕೂ ಪ್ರತ್ಯೇಕ ಪ್ರಯೋಗಾಲಯ ಎಂದಿತ್ತು. ಆ ಸಂಯುಕ್ತ ಕೋರ್ಸು ಬೇರೆ ಆರೋಗ್ಯ ತರಬೇತಿಗಳಿಗೆ ಹೊಂದುವಂಥದ್ದು. ಕೋರ್ಸಿನಲ್ಲಿ ದೋಷವೇನೂ ಇರಲಿಲ್ಲ. ನಾನು ಹೊರಟ ಊರಿಗೆ ಆ ಬಸ್ಸು ಹೋಗುತ್ತಿರಲಿಲ್ಲ, ಅಷ್ಟೆ. ಆ 'ಎ' ಈಗಲೂ ನನ್ನ ಅಂಕಪಟ್ಟಿಯಲ್ಲಿದೆ, ಯಾವ ಉಪಯೋಗಕ್ಕೂ ಬರಲಿಲ್ಲ. ಆಮೇಲೆ ಎರಡನ್ನೂ ಪ್ರತ್ಯೇಕವಾಗಿ ಮತ್ತೆ ಓದಿದೆ.

ಆದ್ದರಿಂದ ಕರೆ ಮಾಡುವವರಿಗೆ ನಾನು ಕೊಡುವ ಮೊದಲ ಉತ್ತರ, ಕೋರ್ಸನ್ನು ಆಮೇಲೆ ಆರಿಸಿರಿ, ಸೇರಬೇಕಾದ ವಿಶ್ವವಿದ್ಯಾಲಯವನ್ನು ಮೊದಲು ಆರಿಸಿರಿ ಎಂದು. ಒಂದನ್ನೇ ನೆಚ್ಚಿಕೊಳ್ಳುವುದು ಅಪಾಯ. ಮೂರೋ ನಾಲ್ಕೋ ಕ್ಯಾಂಪಸ್ಸುಗಳನ್ನು ಗುರುತಿಸಿ, ಪ್ರತಿಯೊಂದರ ನರ್ಸಿಂಗ್ ಪುಟದಲ್ಲಿರುವ ಪೂರ್ವ ಕೋರ್ಸುಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು. ಎಲ್ಲ ಕಡೆಯೂ ಬೇಕಾದವನ್ನು ಮೊದಲು, ಒಂದೆರಡು ಕಡೆ ಮಾತ್ರ ಬೇಕಾದವನ್ನು ಕೊನೆಗೆ ಇಟ್ಟುಕೊಂಡರೆ ಮಧ್ಯದಲ್ಲಿ ಮನಸ್ಸು ಬದಲಾದರೂ ನಷ್ಟ ಕಡಿಮೆ. ಒಂದು ಕಮ್ಯೂನಿಟಿ ಕಾಲೇಜಿನ ಯಾವ ಕೋರ್ಸು ಯಾವ ಸರ್ಕಾರಿ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮವೆಂದು ತೋರಿಸುವ 'ಅಸಿಸ್ಟ್' ಎಂಬ ಅಧಿಕೃತ ಜಾಲತಾಣ ಕ್ಯಾಲಿಫೋರ್ನಿಯಾದಲ್ಲಿದೆ. ಹಣ ಕೇಳುವ ಮಧ್ಯವರ್ತಿಗಳು ಹೇಳುವುದರಲ್ಲಿ ಬಹುಪಾಲು ಅಲ್ಲಿಯೇ ಉಚಿತವಾಗಿ ಸಿಗುತ್ತದೆ. ಒಪ್ಪಂದ ವರ್ಷವರ್ಷಕ್ಕೂ ಬದಲಾಗುವ ಸಾಧ್ಯತೆ ಇರುವುದರಿಂದ, ಯಾವ ಶೈಕ್ಷಣಿಕ ವರ್ಷದ್ದೆಂದು ಕಾಣುವಂತೆ ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ಖಾಸಗಿ ವಿಶ್ವವಿದ್ಯಾಲಯಗಳಿಗೆ ಈ ತಾಣ ಅನ್ವಯಿಸುವುದಿಲ್ಲ. ಅವರನ್ನು ನೇರವಾಗಿಯೇ ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆಯುವುದು ಸುರಕ್ಷಿತ. ಹಾಗೆ ಕೇಳುವ ಮೊದಲು ಆ ನರ್ಸಿಂಗ್ ಕಾರ್ಯಕ್ರಮಕ್ಕೆ ರಾಜ್ಯದ ನರ್ಸಿಂಗ್ ಮಂಡಳಿಯ ಅನುಮೋದನೆ ಇದೆಯೇ ಎಂದು ನೋಡಿಕೊಳ್ಳಬೇಕು. ಕಾಲೇಜಿನ ಸಲಹೆಗಾರರ ಜೊತೆ ಸಮಯ ನಿಗದಿ ಮಾಡಿಕೊಂಡು, ಸೆಮಿಸ್ಟರ್‌ವಾರು ಓದಿನ ಯೋಜನೆಯನ್ನು ಬರಹದಲ್ಲಿ ಮಾಡಿಸಿಕೊಳ್ಳುವ ಅವಕಾಶ ಪ್ರತಿ ಕಮ್ಯೂನಿಟಿ ಕಾಲೇಜಿನಲ್ಲೂ ಇದೆ. ನಮ್ಮವರು ಸಂಕೋಚದಿಂದ ಅದನ್ನು ಬಳಸುವುದಿಲ್ಲ. ಸಲಹೆಗಾರರ ಎದುರು ಕುಳಿತಾಗ 'ನರ್ಸಿಂಗ್ ಓದಬೇಕು' ಎಂದಷ್ಟೇ ಹೇಳಿದರೆ ಅವರು ತಮ್ಮದೇ ಕಾಲೇಜಿನ ಎರಡು ವರ್ಷದ ನರ್ಸಿಂಗ್ ಪಟ್ಟಿಯನ್ನು ಕೊಟ್ಟು ಕಳಿಸುವುದುಂಟು. ಇಂಥ ಕ್ಯಾಂಪಸ್ಸಿನ ಬಿ.ಎಸ್ಸಿ. ನರ್ಸಿಂಗ್‌ಗೆ ಟ್ರಾನ್ಸ್‌ಫರ್ ಆಗಬೇಕು ಎಂದು ಹೆಸರು ಹೇಳಿ ಕೇಳಬೇಕು.

ಕೋರ್ಸುಗಳ ಅನುಕ್ರಮವೂ ಕೈಗೆ ಸಿಕ್ಕಂತೆ ಇಡುವಂಥದ್ದಲ್ಲ. ಅನೇಕ ಕಾಲೇಜುಗಳಲ್ಲಿ ಫಿಸಿಯಾಲಜಿಗೆ ಮೊದಲು ಅನಾಟಮಿ ಮತ್ತು ರಸಾಯನಶಾಸ್ತ್ರ ಆಗಿರಬೇಕು, ಮೈಕ್ರೋಬಯಾಲಜಿಗೂ ರಸಾಯನಶಾಸ್ತ್ರ ಬೇಕು. ಹೀಗಾಗಿ ಮೊದಲ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರವನ್ನು ಬಿಟ್ಟವರಿಗೆ ಇಡೀ ಸರಪಳಿ ಆರು ತಿಂಗಳು ಹಿಂದೆ ಬೀಳುತ್ತದೆ. ಮನೆ ಮಕ್ಕಳನ್ನು ನೋಡಿಕೊಂಡು ಓದುವವರಿಗೆ ನಾನು ಸೂಚಿಸುವ ಕ್ರಮ ಇದು: ಆಗಸ್ಟ್‌ನಲ್ಲಿ ಶುರುವಾಗುವ ಮೊದಲ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರ ಮತ್ತು ಇಂಗ್ಲಿಷ್ ಬರವಣಿಗೆ, ಜನವರಿಯಲ್ಲಿ ಅನಾಟಮಿ ಮತ್ತು ಭಾಷಣ, ಬೇಸಿಗೆಯಲ್ಲಿ ಮನಶ್ಶಾಸ್ತ್ರ, ಮರುವರ್ಷ ಆಗಸ್ಟ್‌ನಲ್ಲಿ ಫಿಸಿಯಾಲಜಿ ಮತ್ತು ಸಂಖ್ಯಾಶಾಸ್ತ್ರ, ಆಮೇಲಿನ ಜನವರಿಯಲ್ಲಿ ಮೈಕ್ರೋಬಯಾಲಜಿ ಮತ್ತು ತಾರ್ಕಿಕ ಚಿಂತನೆ. ಪ್ರಯೋಗಾಲಯದ ಎರಡು ವಿಷಯಗಳನ್ನು ಒಂದೇ ಸೆಮಿಸ್ಟರಿನಲ್ಲಿ ಹೊರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅನಾಟಮಿ ತರಗತಿಯಲ್ಲಿ ಮೂಳೆ ಸ್ನಾಯುಗಳ ನೂರಾರು ಹೆಸರುಗಳನ್ನು ಮಾದರಿಯ ಮುಂದೆ ನಿಂತು ಗುರುತಿಸಬೇಕಾಗುತ್ತದೆ. ಅದು ಹಿಂದಿನ ರಾತ್ರಿಯ ಓದಿಗೆ ದಕ್ಕುವ ವಿದ್ಯೆಯಲ್ಲ. ಇನ್ನೊಂದು ವಿಚಾರ, ಅನಾಟಮಿಯ ಸೀಟುಗಳು ನೋಂದಣಿ ತೆರೆದ ಕೆಲವೇ ದಿನಗಳಲ್ಲಿ ಭರ್ತಿಯಾಗುತ್ತವೆ. ಹೊಸ ವಿದ್ಯಾರ್ಥಿಗಳ ನೋಂದಣಿ ಸರದಿ ಕೊನೆಗೆ ಬರುವುದರಿಂದ, ಕಾಯುವ ಪಟ್ಟಿಯಲ್ಲಿ ಹೆಸರು ಹಾಕಿ ಮೊದಲ ದಿನ ತಪ್ಪದೆ ತರಗತಿಗೆ ಹೋಗಬೇಕು. ನನಗೆ ಅನಾಟಮಿ ಸಿಕ್ಕಿದ್ದೇ ಹಾಗೆ, ಮೊದಲ ದಿನ ಬಾರದಿದ್ದ ಒಬ್ಬ ವಿದ್ಯಾರ್ಥಿಯ ಜಾಗದಲ್ಲಿ.

ಮೇಲಿನ ಕ್ರಮವನ್ನು ಕ್ಯಾಲೆಂಡರಿನ ಮೇಲೆ ಇಡುವಾಗ ಬಹಳ ಮಂದಿ ಎಡವುವುದು ಅರ್ಜಿಯ ತಿಂಗಳಿನಲ್ಲಿ. ಆಗಸ್ಟ್‌ನಲ್ಲಿ ಶುರುವಾಗುವ ಪ್ರವೇಶಕ್ಕೆ ಅರ್ಜಿ ತೆರೆಯುವುದು ಹಿಂದಿನ ವರ್ಷದ ಅಕ್ಟೋಬರ್ 1ರಂದು, ಮುಚ್ಚುವುದು ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ. ಕೆಲವು ಕ್ಯಾಂಪಸ್ಸುಗಳು ಅರ್ಜಿ ಹಾಕುವ ಹೊತ್ತಿಗೇ ವಿಜ್ಞಾನದ ಕೋರ್ಸುಗಳೆಲ್ಲ ಮುಗಿದಿರಬೇಕೆನ್ನುತ್ತವೆ. ಕೆಲವು ಒಂದೋ ಎರಡೋ ನಡೆಯುತ್ತಿದ್ದರೂ ಒಪ್ಪುತ್ತವೆ. ನಾನು ಹೇಳಿದ ಅನುಕ್ರಮದಲ್ಲಿ ಮೈಕ್ರೋಬಯಾಲಜಿ ಕೊನೆಗೆ ಬರುವುದರಿಂದ, ಮೊದಲ ಬಗೆಯ ಕ್ಯಾಂಪಸ್ಸಿಗೆ ಅದೇ ವಿದ್ಯಾರ್ಥಿನಿ ಒಂದು ವರ್ಷ ತಡವಾಗಿ ಸೇರಬೇಕಾಗುತ್ತದೆ. ಪ್ರವೇಶದ ತಿಂಗಳಿನಿಂದಲ್ಲ, ಅರ್ಜಿಯ ತಿಂಗಳಿನಿಂದ ಹಿಂದಕ್ಕೆ ಎಣಿಸುತ್ತ ಕೋರ್ಸುಗಳನ್ನು ಕೂರಿಸಬೇಕು. ಅನೇಕ ಕಡೆ ಕೇಳುವ 'ಟೀಸ್' ಎಂಬ ಪ್ರವೇಶ ಪರೀಕ್ಷೆಯನ್ನೂ ಅರ್ಜಿಗೆ ಮೊದಲೇ ಬರೆದಿರಬೇಕು. ಓದಿ ಗ್ರಹಿಸುವುದು, ಗಣಿತ, ವಿಜ್ಞಾನ ಮತ್ತು ಇಂಗ್ಲಿಷ್ ಎಂಬ ನಾಲ್ಕು ಭಾಗಗಳ ಈ ಪರೀಕ್ಷೆಯನ್ನು ಅನಾಟಮಿ ಫಿಸಿಯಾಲಜಿಗಳೆರಡೂ ಮುಗಿದ ಕೂಡಲೇ ಬರೆದರೆ ವಿಜ್ಞಾನದ ಭಾಗ ಸುಲಭವಾಗುತ್ತದೆ.

ಈಗ ದರ್ಜೆಯ ಮಾತು. ನಮ್ಮ ಕುಟುಂಬಗಳಿಗೆ ಎಲ್ಲಕ್ಕಿಂತ ತಡವಾಗಿ ಅರ್ಥವಾಗುವುದು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮಲ್ಲಿ ನೂರಕ್ಕೆ ಅರವತ್ತು ಬಂದರೆ ಪ್ರಥಮ ದರ್ಜೆ, ಎಪ್ಪತ್ತೈದು ಬಂದರೆ ಊರಿಗೆ ಸಿಹಿ. ಇಲ್ಲಿ ಸಾಮಾನ್ಯವಾಗಿ ತೊಂಬತ್ತು ದಾಟಿದರೆ 'ಎ', ಎಂಬತ್ತರಿಂದ ತೊಂಬತ್ತರೊಳಗೆ 'ಬಿ', ಎಪ್ಪತ್ತರ ಮನೆಯಲ್ಲಿದ್ದರೆ 'ಸಿ'. 'ಎ'ಗೆ ಯೂನಿಟ್‌ಗೆ ನಾಲ್ಕರಂತೆ, 'ಬಿ'ಗೆ ಮೂರರಂತೆ, 'ಸಿ'ಗೆ ಎರಡರಂತೆ ಎಣಿಸುತ್ತಾರೆ. ನಾಲ್ಕು ನಾಲ್ಕು ಯೂನಿಟ್‌ಗಳ ನಾಲ್ಕು ವಿಜ್ಞಾನ ಕೋರ್ಸುಗಳಲ್ಲಿ ಎರಡು 'ಎ', ಎರಡು 'ಬಿ' ಬಂದರೆ 16 ಯೂನಿಟ್‌ಗಳಿಗೆ 56 ಅಂಕವಾಗಿ ಸರಾಸರಿ 3.5 ಆಗುತ್ತದೆ. ಆ 'ಬಿ'ಗಳಲ್ಲಿ ಒಂದು 'ಸಿ' ಆದರೆ 52 ಅಂಕ, 3.25. ಕೇಳುವುದಕ್ಕೆ ಅಲ್ಪ ಅಂತರ; ಸ್ಪರ್ಧೆಯಲ್ಲಿ ಅದು ಸೀಟು ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ಅಂತರವಾಗಬಲ್ಲದು.

ಇದರ ಜೊತೆಗೆ ಇನ್ನೊಂದು ನಿಯಮವಿದೆ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ 'ಡಿ' ಅಥವಾ 'ಎಫ್' ಬಂದ ಕೋರ್ಸನ್ನು ಮತ್ತೆ ಓದಬಹುದು, 'ಸಿ' ಬಂದ ಕೋರ್ಸನ್ನು ಸಾಮಾನ್ಯವಾಗಿ ಮತ್ತೆ ಓದಲು ಬಿಡುವುದಿಲ್ಲ. ಸರ್ಕಾರದ ದೃಷ್ಟಿಯಲ್ಲಿ 'ಸಿ' ಎಂದರೆ ಪಾಸು. ಪಾಸಾದವರು ಮತ್ತೊಬ್ಬರ ಜಾಗ ಹಿಡಿಯಬಾರದೆಂಬುದು ನಿಯಮದ ತರ್ಕ. ತರ್ಕ ನ್ಯಾಯವಾದದ್ದೇ. ಆದರೆ ನರ್ಸಿಂಗ್ ವಿದ್ಯಾರ್ಥಿನಿಗೆ ಅನಾಟಮಿಯ 'ಸಿ' ಎಂದರೆ ತಿದ್ದಲಾಗದ ಗಾಯ, ಸೋತವರಿಗಿರುವ ಅವಕಾಶ ಹೇಗೋ ಗೆದ್ದವರಿಗಿಲ್ಲ. ಹಾಗಾಗಿ ಮೊದಲ ಎರಡು ಪರೀಕ್ಷೆಗಳಲ್ಲಿ ಹಿಂದೆ ಬಿದ್ದರೆ, ಕೋರ್ಸಿನಿಂದ ಹೊರಬರಲು ಕೊಟ್ಟಿರುವ ಕೊನೆಯ ದಿನಾಂಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡು, ಆ ದಿನದೊಳಗೆ ಶಿಕ್ಷಕರ ಜೊತೆ ಮಾತನಾಡಿ ತೀರ್ಮಾನ ಮಾಡಬೇಕು. ಹೊರಬಂದರೆ ಅಂಕಪಟ್ಟಿಯಲ್ಲಿ 'ಡಬ್ಲ್ಯೂ' ಎಂಬ ಗುರುತು ಬೀಳುತ್ತದೆ. ಒಂದು ಕೋರ್ಸಿಗೆ ಕೊಡುವ ಮೂರು ಅವಕಾಶಗಳಲ್ಲಿ ಅದೂ ಒಂದೆಂದು ಎಣಿಕೆಯಾಗುತ್ತದೆ, ಕೆಲವು ನರ್ಸಿಂಗ್ ವಿಭಾಗಗಳು ಪದೇ ಪದೇ ಓದಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆದರೂ ಒಂದು 'ಡಬ್ಲ್ಯೂ' ಒಂದು 'ಸಿ'ಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. 'ಪಾಸಾದರೆ ಸಾಕು' ಎಂದು ಪ್ರೀತಿಯಿಂದ ಹೇಳುವ ತಾಯಿ ತಂದೆಯರಿಗೆ ಇದು ಗೊತ್ತಿರಬೇಕು.

ವಿಜ್ಞಾನದ ಓದಿಗೆ ವಯಸ್ಸಿನ ಮಿತಿಯೂ ಉಂಟು. ವಿದ್ಯಾರ್ಥಿನಿಯ ವಯಸ್ಸಲ್ಲ, ಓದಿದ್ದರ ವಯಸ್ಸು. ಅನೇಕ ನರ್ಸಿಂಗ್ ವಿಭಾಗಗಳು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿಗಳನ್ನು ಕಳೆದ ಐದು ಅಥವಾ ಏಳು ವರ್ಷಗಳೊಳಗೆ ಓದಿರಬೇಕೆನ್ನುತ್ತವೆ. ಮೈಸೂರು ಮೂಲದ ನನ್ನ ಪರಿಚಿತರೊಬ್ಬರು ಅನಾಟಮಿಯನ್ನು ಮೊದಲೇ ಮುಗಿಸಿ, ಎರಡನೆಯ ಹೆರಿಗೆಗೆಂದು ಓದು ನಿಲ್ಲಿಸಿ, ಆಮೇಲೆ ಊರಿನಲ್ಲಿ ಅತ್ತೆಯವರ ಕಾಯಿಲೆಗೆಂದು ವರ್ಷ ಕಳೆದು ಹಿಂದಿರುಗುವಷ್ಟರಲ್ಲಿ ಅವಧಿ ಮೀರಿತ್ತು. ಹೆಣ್ಣುಮಕ್ಕಳ ಬದುಕಿನಲ್ಲಿ ಇಂಥ ಬಿಡುವುಗಳು ಬಂದೇ ಬರುತ್ತವೆ. ಅವು ಬರಬಹುದೆಂದು ಅನಿಸಿದರೆ ಅವಧಿಯ ಮಿತಿಯಿಲ್ಲದ ಇಂಗ್ಲಿಷ್, ಭಾಷಣ, ಇತಿಹಾಸಗಳನ್ನು ಮೊದಲು ಮುಗಿಸಿ, ವಿಜ್ಞಾನವನ್ನು ಒಂದೇ ಓಟದಲ್ಲಿ ಕೊನೆಗೆ ಇಟ್ಟುಕೊಳ್ಳುವುದು ಜಾಣತನ. ಮೇಲೆ ನಾನು ಹೇಳಿದ ಅನುಕ್ರಮ ಬಿಡುವಿಲ್ಲದೆ ಓದಬಲ್ಲವರಿಗೆ ಮಾತ್ರ.

ಇತಿಹಾಸ ಎಂದೆ. ನರ್ಸಿಂಗ್‌ಗೂ ಅದಕ್ಕೂ ಏನು ಸಂಬಂಧವೆಂದು ನಾನೂ ಕೇಳಿದ್ದೆ. ಇಲ್ಲಿ ಯಾವ ಪದವಿಗಾದರೂ ಸಾಮಾನ್ಯ ಶಿಕ್ಷಣದ ಒಂದು ಭಾಗ ಕಡ್ಡಾಯ. 2025ರಿಂದ ಕಮ್ಯೂನಿಟಿ ಕಾಲೇಜಿಗೆ ಹೊಸದಾಗಿ ಸೇರುವವರಿಗೆ, ರಾಜ್ಯದ ಎರಡೂ ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳಿಗೆ (ಸ್ಟೇಟ್ ಯೂನಿವರ್ಸಿಟಿ ಮತ್ತು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸಲ್ಲುವ 'ಕ್ಯಾಲ್-ಜೆಟ್ಸಿ' ಎಂಬ 34 ಯೂನಿಟ್‌ಗಳ ಒಂದೇ ಪಟ್ಟಿ ಬಂದಿದೆ. ಜನಾಂಗೀಯ ಅಧ್ಯಯನದ ಒಂದು ಕೋರ್ಸು ಅದರಲ್ಲೇ ಸೇರಿದೆ. ಇದಲ್ಲದೆ ಸ್ಟೇಟ್ ಯೂನಿವರ್ಸಿಟಿಯ ಪದವಿಗೆ ಅಮೆರಿಕದ ಇತಿಹಾಸ ಮತ್ತು ಸಂವಿಧಾನದ ಓದೂ ಬೇಕು. ಹೊರಗಿನಿಂದ ಬಂದವರು ಇದನ್ನು ಕೊನೆಯ ವರ್ಷದಲ್ಲಿ ಗಮನಿಸಿ ಆಸ್ಪತ್ರೆಯ ತರಬೇತಿಯ ನಡುವೆ ಒದ್ದಾಡುತ್ತಾರೆ. ಕಮ್ಯೂನಿಟಿ ಕಾಲೇಜಿನಲ್ಲೇ ಮುಗಿಸಿಕೊಳ್ಳುವುದು ಸುಲಭ, ಅಗ್ಗ.

ಅಗ್ಗ ಎಂದರೆ ಎಷ್ಟು ಎಂಬುದನ್ನೂ ಹೇಳಬೇಕು. ರಾಜ್ಯದ ನಿವಾಸಿಗಳಿಗೆ ಕಮ್ಯೂನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ಗಳಿಗೆ 2,760 ಡಾಲರ್ ಆಗುತ್ತದೆ, ಪುಸ್ತಕ ಮತ್ತಿತರ ಖರ್ಚು ಬೇರೆ. ನಿವಾಸಿಯಲ್ಲದವರಿಗೆ ಯೂನಿಟ್‌ಗೆ ನೂರಾರು ಡಾಲರ್. ಎಚ್-4 ವೀಸಾದವರು ಓದಬಹುದು, ಒಂದು ವರ್ಷಕ್ಕಿಂತ ಹೆಚ್ಚು ಕಾಲ ರಾಜ್ಯದಲ್ಲಿ ನೆಲೆಸಿ ದಾಖಲೆ ತೋರಿಸಿದರೆ ನಿವಾಸಿಯ ಶುಲ್ಕ ಪಡೆಯಬಹುದು. ವಿದ್ಯಾರ್ಥಿ ವೀಸಾವಾದ ಎಫ್-1ರವರಿಗೆ ಆ ಅವಕಾಶವಿಲ್ಲ, ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ ಓದಲೇಬೇಕೆಂಬ ಕಟ್ಟಳೆಯೂ ಇದೆ. ಇನ್ನೊಂದು ಕಹಿ ಸಂಗತಿಯನ್ನು ಮುಚ್ಚಿಡಬಾರದು: ಓದಲು ವೀಸಾ ಅಡ್ಡಿಯಾಗದಿದ್ದರೂ ಕೆಲಸಕ್ಕೆ ಅಡ್ಡಿಯಾಗುತ್ತದೆ. ಈಗಿರುವ ನಿಯಮದಂತೆ ಎಚ್-4ನವರಿಗೆ ಉದ್ಯೋಗದ ಅನುಮತಿ ಸಿಗಬೇಕಾದರೆ, ಸಾಮಾನ್ಯವಾಗಿ ಪತಿಯ ಅಥವಾ ಪತ್ನಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಉದ್ಯೋಗದಾತರು ಸಲ್ಲಿಸುವ ಐ-140 ಅರ್ಜಿಯ ಹಂತ ದಾಟಿರಬೇಕು. ಇಲ್ಲಿಯೇ ಬೆಳೆದ ಮಕ್ಕಳು 21 ತುಂಬಿದ ದಿನ ಎಚ್-4ರಿಂದ ಹೊರಬೀಳುತ್ತಾರೆ. ಸಾಮಾನ್ಯ ನರ್ಸ್ ಹುದ್ದೆಗೆ ಎಚ್-1ಬಿ ಉದ್ಯೋಗ ವೀಸಾ ಸಿಗುವುದು ಕಷ್ಟ, ಏಕೆಂದರೆ ಆ ಹುದ್ದೆಗೆ ಪದವಿ ಅನಿವಾರ್ಯವೆಂದು ಸರ್ಕಾರ ಪರಿಗಣಿಸುವುದಿಲ್ಲ. ಹೀಗಾಗಿ ಕೋರ್ಸಿನ ಯೋಜನೆಯ ಪಕ್ಕದಲ್ಲೇ ವೀಸಾದ ದಿನಾಂಕಗಳನ್ನೂ ಬರೆದುಕೊಳ್ಳಬೇಕು. ಅದು ವಕೀಲರನ್ನು ಕೇಳಬೇಕಾದ ವಿಷಯ, ನನ್ನಂಥವರನ್ನಲ್ಲ.

ಟ್ರಾನ್ಸ್‌ಫರ್ ಸಿಕ್ಕ ಮೇಲೆ ಎರಡೇ ವರ್ಷ ಬಾಕಿ ಎಂದು ಕುಟುಂಬದವರು ಲೆಕ್ಕ ಹಾಕುತ್ತಾರೆ. ಅದೂ ಸರಿಯಲ್ಲ. ನರ್ಸಿಂಗ್ ಓದಿನಲ್ಲಿ ಕನಿಷ್ಠ 36 ಸೆಮಿಸ್ಟರ್ ಯೂನಿಟ್, ಅದರಲ್ಲಿ 18 ಪಾಠ, 18 ಆಸ್ಪತ್ರೆಯ ತರಬೇತಿ ಇರಬೇಕೆಂದು ರಾಜ್ಯದ ನರ್ಸಿಂಗ್ ಮಂಡಳಿಯ ನಿಯಮ ಹೇಳುತ್ತದೆ. ತರಬೇತಿಯ ಒಂದು ಯೂನಿಟ್ ಎಂದರೆ ಸೆಮಿಸ್ಟರ್ ಪೂರ್ತಿ ವಾರಕ್ಕೆ ಮೂರು ಗಂಟೆ. ಇವು ಒಂದರ ನಂತರ ಒಂದು ಬರುವುದರಿಂದ ಕೆಲವು ಕ್ಯಾಂಪಸ್ಸುಗಳಲ್ಲಿ ಐದು ಆರು ಸೆಮಿಸ್ಟರ್ ಹಿಡಿಯುತ್ತದೆ.

ಇನ್ನೊಂದು ದಾರಿಯ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಅದೇ ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ನರ್ಸಿಂಗ್ ಪದವಿ ಪಡೆದವರೂ ಬಿ.ಎಸ್ಸಿ.ಯವರು ಬರೆಯುವ ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆಯನ್ನೇ ಬರೆದು ನೋಂದಾಯಿತ ನರ್ಸ್ ಆಗುತ್ತಾರೆ. ದುಡಿಯುತ್ತಲೇ ಮುಂದೆ ಬಿ.ಎಸ್ಸಿ. ಪೂರೈಸುವ ವ್ಯವಸ್ಥೆ ಇದೆ. ಪೂರ್ವ ಕೋರ್ಸುಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಎರಡೂ ಕಡೆ ಅರ್ಜಿ ಹಾಕಬಹುದು. ಇದನ್ನು ಕೀಳೆಂದು ಕಾಣುವವರನ್ನು ನಾನು ಒಪ್ಪುವುದಿಲ್ಲ, ನನ್ನ ವಾರ್ಡಿನಲ್ಲಿ ನನಗೆ ಕೆಲಸ ಕಲಿಸಿದವರಲ್ಲಿ ಹಲವರು ಆ ದಾರಿಯಲ್ಲೇ ಬಂದವರು. ಆದರೂ ಕೊನೆಗೆ ಬಿ.ಎಸ್ಸಿ.ಯನ್ನು ಗುರಿಯಾಗಿಟ್ಟುಕೊಂಡೇ ಹೊರಡಬೇಕು. ನರ್ಸ್‌ಗಳಲ್ಲಿ ನೂರಕ್ಕೆ 80 ಮಂದಿ 2020ರ ಹೊತ್ತಿಗೆ ಬಿ.ಎಸ್ಸಿ. ಪದವೀಧರರಾಗಿರಬೇಕೆಂದು ಅಮೆರಿಕದ ವೈದ್ಯಕೀಯ ಸಂಸ್ಥೆ, ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, 2010ರಲ್ಲಿ ಶಿಫಾರಸು ಮಾಡಿತು. ನ್ಯೂಯಾರ್ಕ್ ರಾಜ್ಯ 2017ರಲ್ಲಿ, ಹೊಸ ನರ್ಸ್‌ಗಳು ಪರವಾನಗಿ ಪಡೆದ ಹತ್ತು ವರ್ಷದೊಳಗೆ ಪದವಿ ಪಡೆಯಬೇಕೆಂದು ಕಾನೂನನ್ನೇ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಕೆಲವು ಕಮ್ಯೂನಿಟಿ ಕಾಲೇಜುಗಳೇ ಪ್ರಯೋಗಾರ್ಥವಾಗಿ ಬಿ.ಎಸ್ಸಿ. ನರ್ಸಿಂಗ್ ಕೊಡಲಿ ಎಂಬ ಮಸೂದೆಗಳು 2024ರಲ್ಲಿ ಶಾಸನಸಭೆಯಲ್ಲಿ ಅಂಗೀಕಾರವಾದರೂ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕದೆ ಹಿಂದಿರುಗಿಸಿದರು. ಸದ್ಯಕ್ಕೆ ಟ್ರಾನ್ಸ್‌ಫರ್ ಯೋಜನೆಯ ಅಗತ್ಯ ತಪ್ಪಿಲ್ಲ.

ಅಸೋಸಿಯೇಟ್ ಪದವಿಯ ಆಯ್ಕೆಯಲ್ಲಿ ಕೆಲವು ಕಾಲೇಜುಗಳು ಲಾಟರಿ ಎತ್ತುತ್ತವೆ, ಕೆಲವು ಹಲವು ಅಂಶಗಳಿಗೆ ಅಂಕ ಕೊಡುತ್ತವೆ. ಆ ಅಂಶಗಳನ್ನು ಪಟ್ಟಿ ಮಾಡುವ ರಾಜ್ಯದ ಕಾನೂನಿನಲ್ಲಿ ಇಂಗ್ಲಿಷೇತರ ಭಾಷೆಯ ಪರಿಣತಿಯೂ ಒಂದು, ಅಲ್ಲಿ ಭಾರತ ಉಪಖಂಡದ ಭಾಷೆಗಳ ಉಲ್ಲೇಖವೂ ಇದೆ. ಕನ್ನಡ ಓದಲು ಬರೆಯಲು ಬರುತ್ತದೆ ಎಂಬುದು ಅರ್ಜಿಯಲ್ಲಿ ತೂಕವುಳ್ಳ ಮಾತು. ಇಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ತಾಯಂದಿರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಕಾಣುವ ಸಂತೋಷವನ್ನು ಬಹಳ ಸಲ ಕಂಡಿದ್ದೇನೆ.

ಪತಿಯ ಕೆಲಸದ ಜೊತೆ ಊರು ಬದಲಾಗುವ ಕುಟುಂಬಗಳು ಇನ್ನೂ ಎಚ್ಚರದಿಂದಿರಬೇಕು. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅನಾಟಮಿ ಮತ್ತು ಫಿಸಿಯಾಲಜಿಗಳನ್ನು ಬೆರೆಸಿ ಒಂದನೆಯ ಭಾಗ, ಎರಡನೆಯ ಭಾಗ ಎಂದು ಎರಡು ಸೆಮಿಸ್ಟರಿನಲ್ಲಿ ಕಲಿಸುತ್ತಾರೆ. ಕ್ಯಾಲಿಫೋರ್ನಿಯಾದ ಹೆಚ್ಚಿನ ಕಡೆ ಇಡೀ ಅನಾಟಮಿ ಒಂದು, ಇಡೀ ಫಿಸಿಯಾಲಜಿ ಇನ್ನೊಂದು. ಅನಾಟಮಿಯೊಂದನ್ನೇ ಇಲ್ಲಿ ಮುಗಿಸಿ ಡಲ್ಲಾಸ್‌ಗೆ ಹೋದವರ ಓದು ಅಲ್ಲಿನ ಯಾವ ಅರ್ಧಕ್ಕೂ ಸರಿಯಾಗಿ ಕೂರುವುದಿಲ್ಲ. ವರ್ಗವಾಗುವ ಸುಳಿವಿದ್ದರೆ ಜೋಡಿಯನ್ನು ಪೂರ್ತಿ ಮುಗಿಸಿಕೊಂಡು ಹೊರಡಬೇಕು, ಇಲ್ಲವೇ ಎರಡನ್ನೂ ಅಲ್ಲಿಯೇ ಆರಂಭಿಸಬೇಕು. ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಲ್ಲಿ ಕಲಿಸುವ ಕ್ವಾರ್ಟರ್ ಪದ್ಧತಿಯ ಕಾಲೇಜಿನ ಒಂದು ಯೂನಿಟ್ ಸೆಮಿಸ್ಟರ್ ಯೂನಿಟ್‌ನ ಮೂರರಲ್ಲಿ ಎರಡು ಭಾಗಕ್ಕೆ ಮಾತ್ರ ಸಮ ಎಂಬುದನ್ನೂ ಮರೆಯಬಾರದು.

ಕೊನೆಯದಾಗಿ ಕರ್ನಾಟಕದಲ್ಲಿರುವವರ ಕೈಯಲ್ಲೇ ಇರುವ ಒಂದು ಕೆಲಸ. ನಾನು ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಓದಿದ ರಸಾಯನಶಾಸ್ತ್ರವನ್ನು ಇಲ್ಲಿ ಮಾನ್ಯ ಮಾಡಿಸಲು ಪ್ರಯತ್ನಿಸಿದೆ. ಅಂಕಪಟ್ಟಿಯಲ್ಲಿ 'ಪ್ರಾಯೋಗಿಕ' ಎಂಬ ಪದ ಮತ್ತು ಅಂಕ ಬಿಟ್ಟರೆ ಎಷ್ಟು ಗಂಟೆ ಪ್ರಯೋಗಾಲಯ, ಯಾವ ಪ್ರಯೋಗಗಳು ಎಂಬುದು ಇರಲಿಲ್ಲ. ಆ ವರ್ಷದ ಪಾಠಪಟ್ಟಿಯ ದೃಢೀಕೃತ ಪ್ರತಿ ತನ್ನಿ ಎಂದರು. ನಾನು ಓದಿದ ಕಾಲೇಜಿಗೆ ಬರೆದೆ, ವಿಶ್ವವಿದ್ಯಾಲಯಕ್ಕೆ ಬರೆದೆ, ತಮ್ಮನನ್ನು ಎರಡು ಸಲ ಕಚೇರಿಗೆ ಕಳಿಸಿದೆ. ಹಳೆಯ ಪಾಠಪಟ್ಟಿ ಸಿಗುವುದಿಲ್ಲ ಎಂಬ ಉತ್ತರ ಬಂದದ್ದು ಎಂಟು ತಿಂಗಳ ಮೇಲೆ, ಅಷ್ಟರಲ್ಲಿ ನಾನು ರಸಾಯನಶಾಸ್ತ್ರವನ್ನು ಮತ್ತೆ ಓದಿ ಮುಗಿಸಿದ್ದೆ. ಪಾಠಪಟ್ಟಿ ಸಿಕ್ಕಿದ್ದರೂ ಎಲ್ಲ ವಿಭಾಗಗಳೂ ಒಪ್ಪುತ್ತಿದ್ದವೆಂದಲ್ಲ, ಹೊರದೇಶದ ವಿಜ್ಞಾನ ಕೋರ್ಸುಗಳನ್ನು ಒಪ್ಪದ ನರ್ಸಿಂಗ್ ವಿಭಾಗಗಳು ಸಾಕಷ್ಟಿವೆ. ನಮ್ಮ ಮೂರು ವರ್ಷದ ಪದವಿಯನ್ನು ಕೆಲವು ಮೌಲ್ಯಮಾಪನ ಸಂಸ್ಥೆಗಳು ಪೂರ್ಣ ಪದವಿಯೆಂದೂ ಕೆಲವು ಮೂರು ವರ್ಷದ ಕಾಲೇಜು ಓದೆಂದೂ ಎಣಿಸುತ್ತವೆ. ಯಾವ ಸಂಸ್ಥೆಯ ವರದಿಯನ್ನು ತಾವು ಒಪ್ಪುತ್ತೇವೆಂದು ಸೇರಬೇಕಾದ ವಿಶ್ವವಿದ್ಯಾಲಯವನ್ನೇ ಮೊದಲು ಕೇಳಿ, ಆಮೇಲೆ ಹಣ ಕಟ್ಟಬೇಕು. ಇಷ್ಟೆಲ್ಲ ಇದ್ದರೂ ಕೈಯಲ್ಲಿ ಕಾಗದವಿದ್ದರೆ ಕೇಳುವ ಹಕ್ಕಾದರೂ ಇರುತ್ತದೆ.

ಆದ್ದರಿಂದ ವಿದೇಶಕ್ಕೆ ಹೊರಡುವ ಪ್ರತಿ ಪದವೀಧರೆ ಮೊಹರು ಹಾಕಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್‌ನ ಮೂರು ನಾಲ್ಕು ಪ್ರತಿಗಳನ್ನೂ ತಾನು ಓದಿದ ವರ್ಷಗಳ ಪಾಠಪಟ್ಟಿಯ ದೃಢೀಕೃತ ಪ್ರತಿಯನ್ನೂ ಮದುವೆಯ ಫೋಟೊಗಳಷ್ಟೇ ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ರಾಜ್ಯದ ವಿಶ್ವವಿದ್ಯಾಲಯಗಳು ಹಿಂದಿನ ಪಾಠಪಟ್ಟಿಗಳನ್ನು, ಪಾಠ ಮತ್ತು ಪ್ರಯೋಗಾಲಯದ ಗಂಟೆಗಳ ಸಹಿತ, ವರ್ಷವಾರು ತಮ್ಮ ಜಾಲತಾಣಗಳಲ್ಲಿ ಇಡಬೇಕು. ದೃಢೀಕೃತ ಪ್ರತಿಯ ಕೋರಿಕೆಗೆ ಉತ್ತರಿಸಲು ಗರಿಷ್ಠ 30 ದಿನಗಳ ಗಡುವು ಹಾಕಿಕೊಳ್ಳಬೇಕು. ಈ ಎರಡು ಬೇಡಿಕೆಗಳನ್ನು ಉನ್ನತ ಶಿಕ್ಷಣ ಇಲಾಖೆಯ ಗಮನಕ್ಕೆ ತರುವಂತೆ ತಮ್ಮ ಪತ್ರಿಕೆಯನ್ನು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಓದುಗಳೊಬ್ಬಳು